ಕ್ಲಾರಿಯೋನೆಟ್ ನುಡಿಸುವವನ ಹಲ್ಲು

"ಕಿತ್ತು ಹಾಕ್ರಿ ಡಾಕ್ಟ್ರೇ, ಬಾಳ ದಿನ ತಡ್ಕೊಂಡೀನಿ," ಎಂದು ಕುರ್ಚಿಯಲ್ಲಿ ಕುಳಿತವನು ಕಣ್ಣು ಮುಚ್ಚಿದ.

ಬಳ್ಳಾರಿಯ ಕೌಲ್ ಬಜಾರಿನ ಆ ಪುಟ್ಟ ಹಲ್ಲಿನ ದವಾಖಾನೆಯಲ್ಲಿ ಸಹಾಯಕಿಯಾಗಿದ್ದ ಖಾತೂನ್ ಈ ಮಾತನ್ನು ದಿನವೂ ಕೇಳುತ್ತಿದ್ದಳು. ಎಪ್ಪತ್ತೆರಡನೆಯ ಇಸವಿಯಲ್ಲಿ ಹಲ್ಲುನೋವು ಎಂದರೆ ಕೀಳಿಸುವುದು ಎಂದೇ ಎಲ್ಲರ ತಿಳಿವಳಿಕೆ. ಆದರೆ ಇವನ ತೊಡೆಯ ಮೇಲೊಂದು ಉದ್ದನೆಯ ಕಪ್ಪು ಪೆಟ್ಟಿಗೆಯಿತ್ತು. ಅದನ್ನು ಅವನು ಕೂಸಿನಂತೆ ಅವಚಿಕೊಂಡಿದ್ದ.

"ಪೆಟ್ಟಿಗ್ಯಾಗ ಏನೈತ್ರಿ?"

"ಕ್ಲಾರಿಯೋನೆಟ್. ಇವತ್ತ ಮಾರಿ ಊರಿಗೆ ಹೋಗ್ತೀನಿ."

ಅವನ ಹೆಸರು ಇಮಾಮಹುಸೇನ್. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ, ಮದುವೆಯ ದಿನಗಳಲ್ಲಿ ಬ್ಯಾಂಡ್. ಕ್ಲಾರಿಯೋನೆಟ್ಟಿನ ತುದಿ ಆನಿಕೊಳ್ಳುವುದು ಮೇಲಿನ ಮುಂದಿನ ಹಲ್ಲುಗಳ ಮೇಲೆ. ಹುಳುಕು ಹಿಡಿದದ್ದು ಅಲ್ಲಿಯದೇ ಹಲ್ಲಿಗೆ.

ವಯಸ್ಸಾದ ಡಾಕ್ಟರ್ ಕೊಟ್ರಬಸಪ್ಪ ತಣ್ಣನೆಯ ಹತ್ತಿಯನ್ನು ಆ ಹಲ್ಲಿಗೆ ಒತ್ತಿದರು. ಅವನು ಬೆಚ್ಚಿಬಿದ್ದ. ಹತ್ತಿ ತೆಗೆದ ಕ್ಷಣಕ್ಕೆ ನೋವು ಇಳಿಯಿತು.

"ಒಳಗಿನ ನರಕ್ಕ ಇನ್ನೂ ಜೀವ ಐತಪ್ಪ," ಎಂದರು ಡಾಕ್ಟರ್. "ಹುಳುಕು ಅದರ ಹತ್ರಕ್ಕ ಹೋಗೇತಿ. ಪೂರಾ ಕೆರದ್ರ ನರ ತೆರಕೊಂತೈತಿ. ತಳದಾಗ ಚೂರು ಹಂಗ ಬಿಟ್ಟು, ಮದ್ದಿಟ್ಟು ಮುಚ್ತೀನಿ. ಎರಡು ತಿಂಗಳದಾಗ ಅದು ಗಟ್ಟಿಯಾತಂದ್ರ ಹಲ್ಲು ಉಳೀತು. ಇಲ್ಲಾಂದ್ರ ಕೀಳೋದು ಇದ್ದೇ ಐತಿ."

"ಅಲ್ಲೀತನಕ ಊದಬೌದಾ?"

"ಮುಟ್ಟಂಗಿಲ್ಲ."

ಡಾಕ್ಟರ್ ಸುಣ್ಣದಂಥ ಬಿಳಿ ಮದ್ದನ್ನು ಕುಳಿಯ ತಳಕ್ಕೆ ಸವರಿದರು. ಖಾತೂನ್ ಗಾಜಿನ ಹಲಗೆಯ ಮೇಲೆ ಪುಡಿಗೆ ಲವಂಗದೆಣ್ಣೆ ಬೆರೆಸಿ, ಮುಚ್ಚಲು ಹದ ಮಾಡುತ್ತಿದ್ದಳು. ತಲೆಯೆತ್ತಿದಾಗ ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಕಣ್ಣಂಚಿನಲ್ಲಿ ನೀರು ನಿಂತಿತ್ತು. ನೋಟ ಕೂಡಿದಾಗ ಅವನು ಕಣ್ಣು ತಪ್ಪಿಸಲಿಲ್ಲ, ಅವಳೇ ತಪ್ಪಿಸಿದಳು.

"ಮಾರಬ್ಯಾಡ್ರಿ," ಎಂದಳು ಮೆಲ್ಲಗೆ. "ಎರಡು ತಿಂಗಳು ತಡೀರಿ."

ತಲಾಖ್ ಆಗಿ ತವರಿಗೆ ಬಂದ ಐದು ವರ್ಷಗಳಲ್ಲಿ, ಕೆಲಸದ ಮಾತಲ್ಲದೆ ಬೇರೊಂದನ್ನು ಅವಳು ಗಂಡಸಿನೆದುರು ಆಡಿದ್ದು ಅದೇ ಮೊದಲು.

"ಮನ್ಯಾಗಿದ್ರ ಕೈ ಕೇಳಂಗಿಲ್ಲ," ಎಂದ ಅವನು, ಪೆಟ್ಟಿಗೆಯನ್ನು ಅವಳ ಕಡೆ ಚಾಚುತ್ತ. "ನಿಮ್ಮ ಹತ್ರ ಇರಲಿ."

ಅವಳು ಅದನ್ನು ಮದ್ದಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಅಂದಿನಿಂದ ಪ್ರತಿ ಸೋಮವಾರ ಅವನು ಸಿರುಗುಪ್ಪದ ಬಸ್ಸಿಳಿದು ಬರುತ್ತಿದ್ದ. ಡಾಕ್ಟರ್ ನೋಡುವುದು ಎರಡೇ ನಿಮಿಷ. ಉಳಿದಷ್ಟು ಹೊತ್ತು ಬೆಂಚಿನ ಮೇಲೆ ಕೂತಿರುತ್ತಿದ್ದ.

"ನಿಮ್ಮ ಬಸ್ ಹೋತಲ್ರಿ?"

"ಇನ್ನೊಂದು ಬರ್ತೈತಿ ಬಿಡ್ರಿ."

ಅದೂ ಹೋಗುತ್ತಿತ್ತು. ಅವಳು ತುಟಿಯೊಳಗೇ ನಗುತ್ತ ಹತಾರಗಳನ್ನು ಬಿಸಿನೀರಿಗೆ ಹಾಕುತ್ತಿದ್ದಳು.

ಐದನೆಯ ಸೋಮವಾರ ಮಾತ್ರ ಅವನು ಕೂರಲಿಲ್ಲ.

"ಪೆಟ್ಟಿಗಿ ಕೊಡ್ರಿ. ಕುರುಗೋಡಿನಾಗ ನಮ್ಮ ಉಸ್ತಾದರ ಮಗಳ ಮದುವಿ. ಉಸ್ತಾದರು ಸಾಯೋ ಮುಂದ ಮಾತು ಕೊಟ್ಟೀನಿ, ನಾನೇ ಊದ್ತೀನಂತ."

"ಮದ್ದು ಒಡದ್ರ ಎಲ್ಲಾ ಹಾಳಾಗ್ತೈತಿ."

"ಹಲ್ಲು ನಂದು, ಖಾತೂನ್!"

ಅವನು ಅವಳ ಹೆಸರು ಹಿಡಿದು ಕರೆದದ್ದು ಅಂದೇ, ಅದೂ ಸಿಟ್ಟಿನಲ್ಲಿ. ಅವಳು ಬೀಗದ ಕೈಯನ್ನು ಅಂಗೈಯಲ್ಲಿ ಬಿಗಿಹಿಡಿದಳು.

"ಹಲ್ಲು ನಿಮ್ಮದ ರಿ. ಅದು ಉಳೀಲಿ ಅಂತ ಐದು ಹೊತ್ತಿನ ನಮಾಜಿನಾಗೂ ಕೇಳಾಕಿ ನಾನು."

ಅವನು ಅವಳನ್ನೇ ನೋಡಿದ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಬೇರೆ ಯಾರದೋ ವಾದ್ಯ ಇಸಿದುಕೊಂಡು ಊದಿರಬೇಕು, ಹಲ್ಲು ಸತ್ತಿರಬೇಕು ಎಂದುಕೊಂಡಳು. ಇಲ್ಲವೇ ತಲಾಖಿನ ಹೆಂಗಸಿನ ನಾಚಿಕೆಗೆಟ್ಟ ಮಾತು ಕೇಳಿ ಹೇಸಿರಬೇಕು. ಎರಡನೆಯದು ಹೆಚ್ಚು ಸುಟ್ಟಿತು. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಎರಡು ತಿಂಗಳು ತುಂಬಿದ ದಿನ ಅವನು ಬಂದ, ಮುಖ ಇಳಿದಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಣಗಿದ ಗುರುತು.

"ಇದೇನಪ್ಪಾ?" ಕೇಳಿದರು ಡಾಕ್ಟರ್.

"ಕುರುಗೋಡಿನಾಗ ಡೋಲು ಬಾರಿಸಿದೆ ರಿ. ರೂಢಿ ಇರಲಿಲ್ಲ."

ಖಾತೂನ್ ಕೈಯಲ್ಲಿದ್ದ ಹತ್ತಿ ನೆಲಕ್ಕೆ ಬಿತ್ತು.

ಡಾಕ್ಟರ್ ಹಳೆಯ ಮದ್ದು ಬಿಡಿಸಿದರು. ಅಂದು ಮೆತ್ತಗಿದ್ದ ತಳ ಈಗ ಕಂದುಬಣ್ಣಕ್ಕೆ ತಿರುಗಿ, ಒಣಗಿ ಗಟ್ಟಿಯಾಗಿತ್ತು. ಹತಾರ ಊರಿದರೆ ಇಳಿಯಲಿಲ್ಲ. ತಣ್ಣನೆಯ ಹತ್ತಿ ಇಟ್ಟರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅವನು ಚುರುಕ್ಕೆಂದು ತಲೆ ಹಿಂದಕ್ಕೆಳೆದ.

"ನೋವಾತೇನ್ರಿ?" ಅವಳೇ ಕೇಳಿಬಿಟ್ಟಳು.

"ಆತು," ಎಂದ ಅವನು, ಕಣ್ತುಂಬ ನೀರಿಟ್ಟುಕೊಂಡು. "ಆತ್ರಿ!"

ಅವಳು ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಡಾಕ್ಟರ್ ಕುಳಿಗೆ ಶಾಶ್ವತ ಸಿಮೆಂಟು ತುಂಬಿದ ಮೇಲೆ, ಅವಳು ಪೆಟ್ಟಿಗೆ ಕೊಡುವಾಗ ಅವನು ತಗ್ಗಿದ ದನಿಯಲ್ಲಿ ಹೇಳಿದ: "ಆವತ್ತು ನೀವು ಹಂಗಂದ ಮ್ಯಾಲೆ ಬರಾಕ ಧೈರ್ಯ ಸಾಲಲಿಲ್ಲ. ಹಲ್ಲು ಹೋಗಿದ್ರ, ಊದಾಕ ಬಾರದವ ಯಾವ ಮುಖ ಹೊತ್ತು ನಿಮ್ಮನ್ನ ಕೇಳ್ಲಿ? ಶುಕ್ರವಾರ ನಮ್ಮಮ್ಮನ ಕರಕೊಂಡು ನಿಮ್ಮನಿಗೆ ಬರ್ಲಾ?"

"ನನಗ ತಲಾಖ್ ಆಗೇತ್ರಿ. ಮಕ್ಕಳಾಗ್ಲಿಲ್ಲ ಅಂತ."

"ಗೊತ್ತೈತಿ. ಅಮ್ಮನಿಗೂ ಹೇಳೀನಿ. ನಾನು ಕೇಳಾಕ ಬಂದಿದ್ದು ನಿಮ್ಮನ್ನ."

"ಅಪ್ಪಗ ಹೇಳ್ತೀನಿ," ಎಂದಳು ಖಾತೂನ್.

ಮನೆಯ ಮುಂದೆ ಅಪ್ಪ ಸುಭಾನಸಾಬ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅವಳು ಎದುರಿಗೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ಅವನ ಕೈ ನಿಂತಿತು. ಹತ್ತು ವರ್ಷದ ಹಿಂದೆ ಅವನು ಮಸೀದಿಯಲ್ಲೇ ಮಾತು ಕೊಟ್ಟು ಬಂದು, ಮನೆಯಲ್ಲಿ ಅವಳ ಮೊದಲ ನಿಕಾಹದ ತಾರೀಖನ್ನಷ್ಟೇ ಹೇಳಿದ್ದ.

"ಆವಾಗ ನಿನ್ನ ಕೇಳಲಿಲ್ಲ ಮಗಳ," ಎಂದ. "ಈಗ ಕೇಳ್ತೀನಿ. ನೀ ಏನಂತಿ?"

ಖಾತೂನ್ ತಂದೆಯ ಮಸಿ ಹಿಡಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ಶುಕ್ರವಾರ ಅವರು ಬರ್ಲಿ ಅಪ್ಪಾ. ನೀ ಏನೂ ಹೇಳಬ್ಯಾಡ. ಹೂಂ ಅಂತ ನಾನೇ ಹೇಳ್ತೀನಿ."