ಏಳನೇ ವೈರು

“ಅಪ್ಪಾ, ಈ ಏಳನೇದು ಮಾತ್ರ ಯಾಕೆ ಸೊಟ್ಟಗೆ ಹೋಗಿದೆ?”

ಅಪ್ಪ ಬಾನೆಟ್ಟಿನ ಅಡಿಯಿಂದ ತಲೆ ಎತ್ತಿದ. ಮೂಗಿನ ತುದಿಗೆ ಗ್ರೀಸು ಮೆತ್ತಿತ್ತು.

“ಬಂತಪ್ಪ, ಇಸ್ತ್ರಿ ಕಣ್ಣು ಅಲ್ಲೇ ಬಿತ್ತು! ಅದಕ್ಕೊಂದು ಕಾರಣ ಇದೆ. ಪೆಟ್ರೋಲ್ ತಂದು ಆಮೇಲೆ ಹೇಳ್ತೀನಿ. ಕೈ ಹಾಕ್ಬೇಡ, ಆಯ್ತಾ?”

ಅಪ್ಪ ಕ್ಯಾನು ಹಿಡಿದು ಹೊರಟ.

ಅವಳಿಗೆ ಇಸ್ತ್ರಿ ಎಂದು ಹೆಸರಿಟ್ಟವನು ಅಪ್ಪನೇ. ಪುಸ್ತಕದ ಮೂಲೆ ಮಡಚಿಕೊಂಡಿದ್ದರೆ ಅವಳಿಗೆ ನಿದ್ದೆ ಬಾರದು. ಬಾಗಿಲ ಬಳಿ ಚಪ್ಪಲಿಗಳು ಜೋಡಿ ಜೋಡಿಯಾಗಿ ಇರಲೇಬೇಕು. “ಒಂದಿನ ಇವಳು ನನ್ನನ್ನೂ ಮಡಚಿ ಕಪಾಟಿನಲ್ಲಿ ಇಡ್ತಾಳೆ ನೋಡು” ಎಂದು ಅಪ್ಪ ನಗುತ್ತಿದ್ದ.

ಈಗ ಮನೆಯ ಬಾಗಿಲ ಬಳಿ ಅಪ್ಪನ ಚಪ್ಪಲಿ ಇಲ್ಲ. ನಾಲ್ಕು ತಿಂಗಳಾಯಿತು. ಒಂದು ಬೆಳಿಗ್ಗೆ ಅಪ್ಪ ಹಾಸಿಗೆ, ರೇಡಿಯೊ ಎತ್ತಿಕೊಂಡು ತನ್ನ ಗ್ಯಾರೇಜಿನ ಹಿಂದಿನ ಕೋಣೆಗೆ ಹೋಗಿಬಿಟ್ಟ. ಅಂದಿನಿಂದ ಇಸ್ತ್ರಿಗೆ ಅಪ್ಪ ಸಿಗುವುದು ಶನಿವಾರ ಮಾತ್ರ. ಸ್ಕೂಲು ಮುಗಿದ ಮೇಲೆ ಅಮ್ಮ ಅವಳನ್ನು ಗ್ಯಾರೇಜಿನ ಗೇಟಿನ ತನಕ ತಂದು ಬಿಡುತ್ತಾಳೆ. ಸಂಜೆ ಗೇಟಿನಿಂದಲೇ ಕರೆದುಕೊಂಡು ಹೋಗುತ್ತಾಳೆ.

ಗೇಟಿನಲ್ಲಿ ಮೂವರೂ ನಿಂತಾಗ ಇಸ್ತ್ರಿ ಶೂ ಲೇಸು ಕಟ್ಟುವ ನೆಪದಲ್ಲಿ ನಡುವಿನಿಂದ ಹಿಂದೆ ಸರಿಯುತ್ತಾಳೆ. ಆಗ ಅಪ್ಪ, ಅಮ್ಮ ಅಕ್ಕಪಕ್ಕ ನಿಂತ ಹಾಗಾಗುತ್ತದೆ. ಲೇಸು ಕಟ್ಟಲು ಅವಳಿಗೆ ತುಂಬ ಹೊತ್ತು ಬೇಕಾಗುತ್ತದೆ.

ಇವತ್ತು ಮಾತ್ರ ಅಮ್ಮ ಒಳಗೆ ಬರುತ್ತಾಳೆ. ವಾರವೆಲ್ಲ ಗೋಗರೆದು ಇಸ್ತ್ರಿ ಅವಳನ್ನು ಒಪ್ಪಿಸಿದ್ದಳು. ಅಪ್ಪ ಒಂದು ವರ್ಷದಿಂದ ಕಟ್ಟುತ್ತಿದ್ದ ಕಾರು ಇವತ್ತು ಮೊದಲ ಸಲ ಸ್ಟಾರ್ಟ್ ಆಗಬೇಕು. ತುಕ್ಕು ಹಿಡಿದ ಹಳೇ ಕಾರಿಗೆ ಈಗ ನೀಲಿ ಬಣ್ಣ, ಎಂಟು ಸಿಲಿಂಡರಿನ ದೊಡ್ಡ ಎಂಜಿನ್. ಒಂದೊಂದು ಸಿಲಿಂಡರಿಗೂ ಒಂದು ಸ್ಪಾರ್ಕ್ ಪ್ಲಗ್, ಒಂದೊಂದು ಪ್ಲಗ್ಗಿಗೂ ಒಂದು ಕೆಂಪು ವೈರು. ವೈರಿನಲ್ಲಿ ಕರೆಂಟು ಬಂದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ, ಪೆಟ್ರೋಲ್ ಉರಿದು ಎಂಜಿನ್ ತಿರುಗುತ್ತದೆ. ಇಷ್ಟು ಅವಳಿಗೆ ಗೊತ್ತು.

ಆದರೆ ಆ ಏಳನೇದು! ಈ ಬದಿಯ ನಾಲ್ಕು ವೈರುಗಳಲ್ಲಿ ಒಂದು, ಮೂರು, ಐದು ಬಾಚಿದ ಕೂದಲಿನ ಹಾಗೆ ಒಟ್ಟಿಗೆ ಹೋಗಿದ್ದವು. ಏಳನೇದು ಮಾತ್ರ ಅವುಗಳ ಜೊತೆ ಟೂ ಬಿಟ್ಟ ಹಾಗೆ ಕೆಳಗಿನಿಂದ ಸುತ್ತಿ ಬಳಸಿ ಹೋಗಿತ್ತು.

ಅಮ್ಮ ಬಂದರೆ ಮೊದಲು ಅದನ್ನೇ ನೋಡುತ್ತಾಳೆ. ‘ಒಂದು ಕೆಲಸವನ್ನಾದ್ರೂ ನೆಟ್ಟಗೆ ಮಾಡಿದ್ದೀರಾ ನೀವು?’ ಅನ್ನುತ್ತಾಳೆ. ಅಪ್ಪ ಮನೆ ಬಿಡುವ ಮೊದಲು ದಿನಾ ಕೇಳುತ್ತಿದ್ದ ಮಾತು ಅದು.

ಇಸ್ತ್ರಿ ಏಳನೇ ವೈರನ್ನು ಕ್ಲಿಪ್ಪಿನಿಂದ ಬಿಡಿಸಿದಳು. ತುದಿಗಳನ್ನು ಮುಟ್ಟಲಿಲ್ಲ. ನಡುಭಾಗವನ್ನು ಎಳೆದು ಐದರ ಪಕ್ಕಕ್ಕೆ ತಂದಳು. ವೈರು ಕಟ್ಟುವ ಪ್ಲಾಸ್ಟಿಕ್ ಟೈ ಹಾಕಿ ಮೂರು ಕಡೆ ಬಿಗಿದಳು. ಉಳಿದ ಉದ್ದವನ್ನು ಹಿಂದಕ್ಕೆ ಸಿಕ್ಕಿಸಿದಳು. ಈಗ ನೋಡಿ, ನಾಲ್ಕು ವೈರು, ನಾಲ್ಕು ಗೆರೆ ಕಾಪಿ ಪುಸ್ತಕದ ಹಾಗೆ!

ಅಪ್ಪ ಬಂದು ಟ್ಯಾಂಕಿಗೆ ಪೆಟ್ರೋಲ್ ಸುರಿಯುತ್ತಿದ್ದಾಗಲೇ ಗೇಟು ಕಿರ್ರೆಂದಿತು. ಅಮ್ಮ ಔಷಧಿ ಅಂಗಡಿಯ ಕೆಲಸ ಮುಗಿಸಿ ನೇರ ಬಂದಿದ್ದಳು. ಎಣ್ಣೆ ಕಲೆಗಳ ನಡುವೆ ಹುಷಾರಾಗಿ ಕಾಲಿಡುತ್ತ ಬಂದು ಎಂಜಿನ್ ಒಳಗೆ ಬಗ್ಗಿ ನೋಡಿದಳು.

“ವೈರೆಲ್ಲ ಚೆನ್ನಾಗಿ ಜೋಡಿಸಿದ್ದೀರಿ” ಎಂದಳು.

“ಹೌದಾ?” ಎಂದ ಅಪ್ಪ. ಅವನು ವೈರು ನೋಡಲಿಲ್ಲ, ಅಮ್ಮನ ಮುಖ ನೋಡಿದ. ಇಸ್ತ್ರಿ ಖುಷಿ ತಡೆಯಲಾರದೆ ತುಟಿ ಕಚ್ಚಿಕೊಂಡಳು.

ಅಪ್ಪ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದ. ಎಂಜಿನ್ ಗುರುಗುಟ್ಟಿತು. ಆಮೇಲೆ ಕೆಮ್ಮತೊಡಗಿತು. ಇಡೀ ಕಾರು ಜ್ವರ ಬಂದವರ ಹಾಗೆ ನಡುಗಿತು. ಅಪ್ಪ ಮುಂದೆ ಓಡಿಬಂದು, ಪೆಟ್ರೋಲ್ ಒಳಗೆ ಬಿಡುವ ಕಾರ್ಬುರೇಟರಿನ ಮೇಲೆ ಕೈ ಇಟ್ಟ.

ಢಂ!

ಕಾರ್ಬುರೇಟರಿನ ಬಾಯಿಂದ ಬೆಂಕಿಯ ನಾಲಿಗೆಯೊಂದು ಹೊರಬಂದು ಮಾಯವಾಯಿತು. ಎಂಜಿನ್ ನಿಂತುಹೋಯಿತು. ಅಪ್ಪ ಬಲಗೈ ಹಿಡಿದುಕೊಂಡು ಕೂತುಬಿಟ್ಟ.

“ಬಕೆಟ್ ಎಲ್ಲಿ?” ಅಮ್ಮ ಕೂಗಿದಳು. ತಣ್ಣೀರಿನ ಬಕೆಟ್ ಎಳೆದು ತಂದು ಅಪ್ಪನ ಕೈಯನ್ನು ಮುಳುಗಿಸಿ ಹಿಡಿದಳು. “ಗ್ರೀಸು ಗೀಸು ಏನೂ ಹಚ್ಬೇಡಿ. ನೀರಲ್ಲೇ ಇರ್ಲಿ.”

“ಗೊತ್ತು.”

“ನಿಮಗೆ ಎಲ್ಲಾ ಗೊತ್ತು. ಮಗು ಪಕ್ಕದಲ್ಲೇ ನಿಂತಿತ್ತು. ಅದರ ಮುಖಕ್ಕೆ ಹಾರಿದ್ರೆ?”

“ಹಾರಲಿಲ್ಲವಲ್ಲ!”

“ಹಾರೋ ತನಕ ಕಾಯ್ಬೇಕಾ?”

“ನಿನಗೆ ಬೈಯೋಕೆ ಒಂದು ನೆಪ ಬೇಕಿತ್ತು, ಸಿಕ್ತು.”

ಅಮ್ಮ ಅವನ ಕೈ ಬಿಟ್ಟು ಎದ್ದಳು. “ಸಾಕು. ಇನ್ಮೇಲೆ ಶನಿವಾರ ಇವಳು ಇಲ್ಲಿಗೆ ಬರಲ್ಲ.”

ಇಸ್ತ್ರಿ ಅಮ್ಮನ ಸೆರಗು ಹಿಡಿದಳು.

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಎಂಜಿನ್ ಮೇಲೆ ಬಿತ್ತು. ಸಾಲಾಗಿ ಬಿಗಿದ ವೈರುಗಳನ್ನು ನೋಡಿದ. ನಿಧಾನವಾಗಿ ಇಸ್ತ್ರಿಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

“ಸರಿ. ನಂದೇ ತಪ್ಪು” ಎಂದ.

“ಅಲ್ಲ” ಎಂದಳು ಇಸ್ತ್ರಿ. “ಏಳನೇ ವೈರನ್ನ ನಾನೇ ಎಳೆದು ಕಟ್ಟಿದ್ದು. ಅಪ್ಪ ಮುಟ್ಬೇಡ ಅಂದಿದ್ದ.”

“ಮತ್ತೆ ಯಾಕೆ ಮುಟ್ಟಿದೆ?” ಎಂದಳು ಅಮ್ಮ.

“ಸೊಟ್ಟಗಿತ್ತು. ನೀನು ಅಪ್ಪನ್ನ ಬೈತೀಯ ಅಂತ.”

ಅಮ್ಮ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಳಿತಳು. ಸೀರೆಗೆ ಮಸಿ ಹತ್ತಿದರೂ ಏಳಲಿಲ್ಲ.

“ಕತ್ತರಿ ತಗೋ” ಎಂದ ಅಪ್ಪ. “ನನ್ನ ಕೈಲಾಗಲ್ಲ. ನೀನೇ ಕಟ್ಟಿದ್ದೀಯ, ನೀನೇ ಬಿಚ್ಚು.”

ಇಸ್ತ್ರಿ ಒಂದೊಂದೇ ಟೈ ಕತ್ತರಿಸಿದಳು. ಬಕೆಟ್ಟಿನಲ್ಲಿ ಕೈ ಅದ್ದಿಕೊಂಡೇ ಅಪ್ಪ ಹೇಳಿದ: “ಐದರ ಕಿಡಿ ಹಾರಿದ ತಕ್ಷಣ ಏಳರ ಸರದಿ. ಎರಡು ವೈರೂ ಅಂಟಿಕೊಂಡು ಹೋದ್ರೆ ಐದರ ಕರೆಂಟು ಏಳಕ್ಕೂ ತಾಗುತ್ತೆ. ಏಳು ತನ್ನ ಸರದಿಗೆ ಮುಂಚೇನೇ ಹೊತ್ತಿಕೊಳ್ಳುತ್ತೆ. ಆಗ ಹೀಗೆ ಸಿಡಿಯೋದು.”

“ಹಾಗಾದ್ರೆ ಏಳನೇದು ಕೆಟ್ಟದ್ದಾ?”

“ಇಲ್ಲ ಕಣೇ.”

“ಐದನೇದು?”

“ಅದೂ ಚೆನ್ನಾಗೇ ಇದೆ.” ಅಪ್ಪ ಬಕೆಟ್ಟಿನ ನೀರು ನೋಡುತ್ತಿದ್ದ. “ಪಕ್ಕಪಕ್ಕ ಇರೋಕಾಗಲ್ಲ, ಅಷ್ಟೆ.”

“ಒಂದನ್ನ ತೆಗೆದೇಬಿಟ್ರೆ?”

“ಆಗ ಗಾಡಿ ಸರಿಯಾಗಿ ಓಡುತ್ತಾ, ಪೆದ್ದಿ? ಎರಡೂ ಬೇಕು.”

ಅಮ್ಮ ನೆಲ ನೋಡುತ್ತಿದ್ದಳು.

ಇಸ್ತ್ರಿ ಏಳನೇ ವೈರನ್ನು ಕೆಳಗಿನಿಂದ ಬಳಸಿ ತಂದು ಕ್ಲಿಪ್ಪಿಗೆ ಸಿಕ್ಕಿಸಿದಳು. ಈ ಸಲ ಕೀ ತಿರುಗಿಸಿದ್ದು ಅಪ್ಪನ ಎಡಗೈ. ಎಂಜಿನ್ ಕೆಮ್ಮಲಿಲ್ಲ, ನಡುಗಲಿಲ್ಲ. ಒಂದೇ ಸಮನೆ ಗುಂಯ್ ಎನ್ನುತ್ತ ಓಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪನ ಕೈಮೇಲೆ ಆಗಲೇ ಬೊಬ್ಬೆ ಎದ್ದಿತ್ತು.

ಮೂವರೂ ಗೇಟಿನ ತನಕ ನಡೆದರು.

“ಇವತ್ತೇ ಡಾಕ್ಟರಿಗೆ ತೋರಿಸಿ” ಎಂದಳು ಅಮ್ಮ.

“ಹೂಂ.”

ಅಮ್ಮ ಚೀಲದ ಹಿಡಿ ತಿರುವಿದಳು. “ಬರೋ ಶನಿವಾರ ಇವಳನ್ನ ಬಿಡ್ತೀನಿ. ನಾನು ಮಾತ್ರ ಇನ್ನು ಒಳಗೆ ಬರಲ್ಲ.”

“ಸರಿ” ಎಂದ ಅಪ್ಪ.

ಇಸ್ತ್ರಿಯ ಶೂ ಲೇಸು ಇವತ್ತು ನಿಜವಾಗಿಯೂ ಬಿಚ್ಚಿಹೋಗಿ ಮಣ್ಣಿನಲ್ಲಿ ಎಳೆಯುತ್ತಿತ್ತು. ಅವಳು ಅದನ್ನು ನೋಡಿದಳು. ಆದರೆ ಬಗ್ಗಲಿಲ್ಲ, ಹಿಂದೆ ಸರಿಯಲೂ ಇಲ್ಲ. ಇಬ್ಬರ ನಡುವೆ ನಿಂತಲ್ಲೇ ನಿಂತಳು.