ದುಭಾಷಿಯ ಕುರ್ಚಿ

ಅಕ್ಟೋಬರ್ ಒಂದನೇ ತಾರೀಖು, ಬೆಳಗ್ಗೆ ಎಂಟೂವರೆ. ಹೈಸ್ಕೂಲಿನ ಗೇಟಿನಲ್ಲಿ ಕಾದು ನಿಂತಿದ್ದ ಎಲಿಸೆಯೊ ಮೇಷ್ಟ್ರು, ಧೂಳು ಹಿಡಿದ ಪಿಕಪ್ ಗಾಡಿಯಿಂದ ಇಳಿದ ಹೆಂಗಸನ್ನು ನೋಡಿ ಕೇಳಿದ ಮೊದಲ ಮಾತು ಇದು:

"ಬನ್ನಿ ಬನ್ನಿ. ದುಭಾಷಿ ನೀವೇ ತಾನೆ? ಡಾಕ್ಟರು ಎಲ್ಲಿ?"

ಅರಾಸೆಲಿ ಒರೊಪೆಸಾಗೆ ಇಂಥ ಪ್ರಶ್ನೆ ಹೊಸದಲ್ಲ. ಓದುವ ಕಾಲದಲ್ಲಿ ಅವಳನ್ನು ದಾದಿ ಅಂದವರಿದ್ದರು, ಊಟದ ತಟ್ಟೆ ಎತ್ತುವವಳು ಅಂದವರಿದ್ದರು. ಅವರೆಲ್ಲ ಹೊರಗಿನವರು. ತನ್ನದೇ ಮೈಬಣ್ಣದ, ತನ್ನಂತೆಯೇ ಮೆಕ್ಸಿಕೋದಿಂದ ಬಂದ ಕೂಲಿಯವರ ಹೊಟ್ಟೆಯಲ್ಲಿ ಹುಟ್ಟಿದವನೊಬ್ಬ ಹೀಗೆ ಕೇಳಿದ್ದು ಇದೇ ಮೊದಲು. ಸಿಟ್ಟು ಬರಬೇಕಿತ್ತು. ಆದರೆ ಅವನ ಮೀಸೆಯ ಒಂದು ತುದಿಗೆ ಸಿಹಿ ಬನ್ನಿನ ಸಕ್ಕರೆ ಪುಡಿ ಅಂಟಿಕೊಂಡಿತ್ತು. ಅದನ್ನು ನೋಡುತ್ತ ನೋಡುತ್ತ ಸಿಟ್ಟು ಮಾಡಿಕೊಳ್ಳುವುದು ಮರೆತುಹೋಯಿತು.

"ಬರ್ತಾ ಇದಾರೆ," ಅಂದಳು. "ಅವರದ್ದು ಯಾವಾಗಲೂ ಲೇಟೇ."

"ಗಂಡಸಾ, ಹೆಂಗಸಾ?"

"ಹೆಂಗಸು. ಸ್ವಲ್ಪ ಜಂಭ ಜಾಸ್ತಿ."

"ಡಾಕ್ಟರಲ್ವಾ, ಇರುತ್ತೆ ಬಿಡಿ," ಅಂತ ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟರು.

ಅಂದು ಲ್ಯಾಟಿನೋ ವೈದ್ಯರ ದಿನ. ಫ್ರೆಸ್ನೋ ಪಕ್ಕದ ಈ ದ್ರಾಕ್ಷಿ ತೋಟದ ಊರಿನಲ್ಲಿ ಅದನ್ನು ಆಚರಿಸುತ್ತಿದ್ದವರು ಎಲಿಸೆಯೊ ಬರಗಾನ್ ಒಬ್ಬರೇ. ಜೀವಶಾಸ್ತ್ರದ ಮೇಷ್ಟ್ರು, ಮೂವತ್ತಾರು ವಯಸ್ಸು, ಮದುವೆ ಇಲ್ಲ. ವರ್ಷಕ್ಕೊಬ್ಬ ಡಾಕ್ಟರನ್ನು ಹಿಡಿದು ತಂದು ಮಕ್ಕಳ ಎದುರು ನಿಲ್ಲಿಸುವುದು ಅವರ ಚಟ. ಅವರು ಬೆನ್ನು ಹತ್ತಿ ಅರ್ಜಿ ಬರೆಸಿದ ಹನ್ನೊಂದು ಮಕ್ಕಳು ಈಗ ವೈದ್ಯಕೀಯ ಓದುತ್ತಿದ್ದಾರೆ.

ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ಅರಾಸೆಲಿ ಎದುರಿಗೆ ನಿಂತು ಹೇಳಿದಳು, "ಡಾಕ್ಟರು ಬರೋವರೆಗೆ ನನ್ನದೊಂದು ಪ್ರಶ್ನೆ. ಆಸ್ಪತ್ರೆಯಲ್ಲಿ ಇಂಗ್ಲಿಷ್ ಬಾರದ ಅಮ್ಮನಿಗೋ ಅಪ್ಪನಿಗೋ ದುಭಾಷಿಯಾಗಿ ಕೂತಿರೋರು ಎಷ್ಟು ಜನ? ಕೈ ಎತ್ತಿ."

ಮೂವತ್ತೆರಡು ಕೈಗಳೂ ಮೇಲೆದ್ದವು. ಹಿಂದೆ ಗೋಡೆಗೆ ಒರಗಿದ್ದ ಮೇಷ್ಟ್ರ ಕೈಯೂ ಎದ್ದಿತು.

"ಹಾಗಾದ್ರೆ ಕೇಳಿ. ದುಭಾಷಿಗೆ ಎರಡು ನಿಯಮ. ರೋಗಿ 'ನನಗೆ ನೋವು' ಅಂದ್ರೆ, 'ಅವರಿಗೆ ನೋವಂತೆ' ಅನ್ನೋ ಹಾಗಿಲ್ಲ. 'ನನಗೆ ನೋವು' ಅಂತಲೇ ಹೇಳ್ಬೇಕು, ನೋವು ತನ್ನದೇ ಅನ್ನೋ ಹಾಗೆ. ಎರಡನೇದು, ಏನೂ ಸೇರಿಸಬಾರದು, ಏನೂ ಬಿಡಬಾರದು. ಒಂದು ಪದಾನೂ."

ಮೇಷ್ಟ್ರ ಕೈ ಕೆಳಗಿಳಿಯಿತು. ಉಳಿದ ಕೈಗಳೆಲ್ಲ ಮೇಲೇ ಇದ್ದುದರಿಂದ ಅದು ಇಳಿದದ್ದು ಅವಳ ಕಣ್ಣಿಗೆ ಬಿತ್ತು.

"ಇದನ್ನ ಒಂಬತ್ತು ಹತ್ತು ವರ್ಷಕ್ಕೇ ಮಾಡಿದೀರಲ್ಲ, ಅರ್ಧ ಡಾಕ್ಟರಿಕೆ ಆಗ್ಲೇ ಕಲಿತಿದೀರಿ. ಇನ್ನರ್ಧಕ್ಕೆ ಕಾಲೇಜಿದೆ," ಅನ್ನುತ್ತ ಚೀಲದಿಂದ ಬಿಳಿ ಕೋಟು ತೆಗೆದು ತೊಟ್ಟುಕೊಂಡಳು. ಎದೆಯ ಮೇಲೆ ಅವಳ ಹೆಸರು, ಹೆಸರಿನ ಮುಂದೆ ಡಾಕ್ಟರ್.

ಮಕ್ಕಳು ಬೆಂಚು ಬಡಿದು ಕೂಗಿದರು. ಮೇಷ್ಟ್ರ ಮುಖ ಮಾತ್ರ ಬೇಯಿಸಿದ ಬೀಟ್‌ರೂಟ್ ಆಗಿತ್ತು.

ಮುಂದಿನ ಸಾಲಿನ ಬ್ರಿಸೇಯ್ಡಾ ಎಂಬ ಹುಡುಗಿ ಎದ್ದು ನಿಂತಳು. "ಅಷ್ಟು ವರ್ಷ ಓದೋಕೆ ಭಯ ಆಗ್ಲಿಲ್ವಾ, ಡಾಕ್ಟ್ರೇ?"

"ಒಂಬತ್ತು ವರ್ಷಕ್ಕೆ ನಮ್ಮಮ್ಮನಿಗೆ, ನಿನ್ನ ಹೊಟ್ಟೆಯಲ್ಲಿರೋ ಕೂಸು ಉಳಿಯಲ್ಲ ಅಂತ ನಾನೇ ಹೇಳ್ಬೇಕಾಯ್ತು. ಆಮೇಲೆ ಯಾವ ಪರೀಕ್ಷೆಗೂ ಭಯ ಆಗಿಲ್ಲ." ಅವಳು ಕೋಟು ಬಿಚ್ಚಿ ಹುಡುಗಿಗೆ ತೊಡಿಸಿದಳು. ಬೆರಳು ಕಾಣದಷ್ಟು ಉದ್ದದ ತೋಳು. "ಮಡಚಿಕೋ. ನನಗೂ ಮೊದಲು ಉದ್ದಾನೇ ಇತ್ತು."

ಗೇಟಿನವರೆಗೆ ಬೀಳ್ಕೊಡಲು ಬಂದ ಮೇಷ್ಟ್ರು ನೆಲ ನೋಡುತ್ತ ಅಂದರು, "ಭೂಮಿ ಬಾಯಿಬಿಡಬಾರದಾ ಅನ್ನಿಸ್ತು."

"ಬಿಟ್ಟಿದ್ರೆ ಈ ಮಕ್ಕಳಿಗೆ ಪಾಠ ಯಾರು ಮಾಡ್ತಿದ್ರು? ಮೀಸೆ ಒರೆಸ್ಕೊಳ್ಳಿ, ಮೇಷ್ಟ್ರೇ. ಸಕ್ಕರೆ ಇದೆ."

ಅದಾದ ಮುಂದಿನ ಮಂಗಳವಾರ ಮೇಷ್ಟ್ರು ತಮ್ಮ ತಂದೆ ದೋನ್ ಹಸಿಂತೊ ಅವರನ್ನು ಅವಳ ಕ್ಲಿನಿಕ್ಕಿಗೆ ಕರೆತಂದರು. ಎಪ್ಪತ್ತರ ಮುದುಕ, ನಲವತ್ತು ವರ್ಷ ದ್ರಾಕ್ಷಿ ಕೊಯ್ದ ಕೈ, ಮೂರು ವರ್ಷದಿಂದ ಡಾಕ್ಟರ ಮುಖ ನೋಡಿಲ್ಲ. ಸಕ್ಕರೆ ಕಾಯಿಲೆ ಏರಿ ಕೂತಿತ್ತು. ಎರಡು ವಾರಕ್ಕೊಮ್ಮೆ ಬರಬೇಕು ಅಂದಳು. ಮುದುಕರು ಒಳಗೆ ಬಂದರು. ಮಗ ಬರಲಿಲ್ಲ. ಮಲ್ಬರಿ ಮರದ ಕೆಳಗೆ ಕಾರು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತ ಕೂತ.

ಪರೀಕ್ಷೆಗೆ ರಕ್ತ ತೆಗೆದುಕೊಳ್ಳುವ ಹೊತ್ತಿನಲ್ಲಿ ಡಾಕ್ಟರಿಗೆ ಹತ್ತು ನಿಮಿಷ ಬಿಡುವು. ಆ ಹತ್ತು ನಿಮಿಷ ಅವಳು ಕಾರಿನ ಕಿಟಕಿಗೆ ಹೋಗತೊಡಗಿದಳು.

"ಒಳಗೆ ತಣ್ಣಗಿದೆ, ಬನ್ನಿ."

"ಇಲ್ಲಿ ಮರ ಇದೆ."

"ಮರದಲ್ಲಿ ಎಲೆ ಎಲ್ಲಿದೆ, ನವೆಂಬರ್ ಬಂತು."

"ಹಾಗಾದ್ರೆ ಚಳಿಗೆ ಬಿಸಿಲು ಕಾಯಿಸ್ಕೊಳ್ತಾ ಇದೀನಿ ಅಂದ್ಕೊಳ್ಳಿ."

ಮಾತಾಡುವಾಗ ಅವನು ಕನ್ನಡಕವನ್ನು ಬೆರಳ ಗೆಣ್ಣಿನಿಂದ ಮೇಲಕ್ಕೆ ದೂಡುತ್ತಿದ್ದ, ಹೆಬ್ಬೆರಳಿಗೆ ಕೆಂಪು ಶಾಯಿ ಅಂಟಿರುತ್ತಿತ್ತಲ್ಲ. ಅವಳು ಬಂದದ್ದು ಗೊತ್ತಿದ್ದೂ ಒಂದು ಉತ್ತರವನ್ನು ಪೂರ್ತಿ ತಿದ್ದಿಯೇ ತಲೆಯೆತ್ತುತ್ತಿದ್ದ. ಆಮೇಲೆ ನೋಡುತ್ತಿದ್ದ ನೋಟಕ್ಕೆ ಅವಸರವಿರಲಿಲ್ಲ. ಅವಳು ಒಮ್ಮೆ ಅವನ ಕೆಂಪು ಪೆನ್ನು ಕಸಿದುಕೊಂಡು ಒಬ್ಬ ಹುಡುಗನಿಗೆ ಎರಡು ಅಂಕ ಜಾಸ್ತಿ ಹಾಕಿಬಿಟ್ಟಳು.

"ಅನ್ಯಾಯ!" ಅಂದ.

"ಹೃದಯದ ಚಿತ್ರ ಚೆನ್ನಾಗಿ ಬರೆದಿದಾನೆ. ನೀವೇ ನೋಡಿ."

"ಹೃದಯ ಬಲಗಡೆ ಬರೆದಿದಾನೆ, ಡಾಕ್ಟ್ರೇ."

ಇಬ್ಬರೂ ನಕ್ಕರು. ಮೂವತ್ತನಾಲ್ಕು ವರ್ಷದ ಅರಾಸೆಲಿ ಸುಳ್ಳು ಹೇಳುವವಳಲ್ಲ, ತನಗೂ ಹೇಳಿಕೊಳ್ಳಲಿಲ್ಲ. ಈ ಮನುಷ್ಯ ಅವಳಿಗೆ ಬೇಕಾಗಿದ್ದ. ಎರಡು ವಾರ ಅನ್ನುವುದು ಅವಳಿಗೆ ಉದ್ದವಾಗತೊಡಗಿತ್ತು.

ಡಿಸೆಂಬರಿನ ಮೊದಲ ಮಂಗಳವಾರ ಅವಳು ಮತ್ತೆ ಅವನ ಪೆನ್ನು ಕಸಿದುಕೊಂಡು ಕೇಳಿಬಿಟ್ಟಳು. "ನಿಜ ಹೇಳಿ. ಯಾಕೆ ಒಳಗೆ ಬರಲ್ಲ?"

ಅವನು ಉತ್ತರಪತ್ರಿಕೆ ಮಡಚಿಟ್ಟ. ಹೇಳಿದ್ದನ್ನು ಪಾಠ ಒಪ್ಪಿಸಿದಂತೆ ಹೇಳಿದ, ದನಿ ಏರಲಿಲ್ಲ, ಇಳಿಯಲಿಲ್ಲ. ಹನ್ನೊಂದು ವರ್ಷದವನಿದ್ದಾಗ ಇದೇ ಕಟ್ಟಡದಲ್ಲಿ, ಅಂದಿನ ಡಾಕ್ಟರು ಮತ್ತು ಅಮ್ಮನ ನಡುವೆ, ಮೂರನೇ ಕುರ್ಚಿಯಲ್ಲಿ ಅವನು ಕೂತಿದ್ದ. ಡಾಕ್ಟರು ಹೇಳಿದ್ದು, ಎದೆಯ ಗಂಟು ಕೆಟ್ಟದ್ದು, ಈ ವಾರವೇ ದೊಡ್ಡಾಸ್ಪತ್ರೆಗೆ ಹೋಗಲಿ. ಅವನು ಅಮ್ಮನಿಗೆ ಹೇಳಿದ್ದು, ಬರೀ ಊತವಂತೆ, ಆರು ತಿಂಗಳು ಬಿಟ್ಟು ಬರಬೇಕಂತೆ.

"ಅಮ್ಮ ಅಳ್ತಾಳೆ ಅಂತ," ಅಂದ. "ಡಾಕ್ಟರು ನನ್ನ ತಲೆ ಸವರಿ, ಜಾಣ, ನೀನೂ ಡಾಕ್ಟರಾಗು ಅಂದ್ರು. ಹದಿನಾಲ್ಕು ತಿಂಗಳಿಗೆ ಅಮ್ಮ ಹೋದಳು. ನಾನು ನುಂಗಿದ ಆ ಆರು ತಿಂಗಳು ಸಿಕ್ಕಿದ್ರೆ ಉಳೀತಿದ್ಲೇನೋ. ಇದನ್ನ ಯಾರಿಗೂ ಹೇಳಿಲ್ಲ, ಅಪ್ಪನಿಗೂ."

ಅವಳು ಬಾಯಿ ತೆರೆದಳು. ಅವನು ತಡೆದ.

"ಸಮಾಧಾನ ಹೇಳ್ಬೇಡಿ. ಡಾಕ್ಟರೊಬ್ಬಳ ಪಕ್ಕ ಬದುಕೋ ಯೋಗ್ಯತೆ ನನಗಿಲ್ಲ. ಇನ್ಮೇಲೆ ಈ ಕಿಟಕಿ ಹತ್ರ ಬರಬೇಡಿ. ಬಂದ್ರೆ ನನಗೆ ಆಸೆಯಾಗುತ್ತೆ."

ಅವನ ಕೆಂಪು ಪೆನ್ನು ಅವಳ ಕೈಯಲ್ಲೇ ಉಳಿದಿತ್ತು. ಆ ಮಧ್ಯಾಹ್ನ ಅವಳು ಒಬ್ಬ ರೋಗಿಗೆ ಎರಡು ಸಲ ನಾಲಿಗೆ ಚಾಚಲು ಹೇಳಿದಳು. ರೋಗಿ ಪಾಪ, ಎರಡು ಸಲವೂ ಚಾಚಿದ.

ಎರಡು ವಾರ ಕಳೆದು ದೋನ್ ಹಸಿಂತೊ ಬಂದರು. ಅರಾಸೆಲಿ ಫೈಲು ತೆರೆದಳು. ಮನೆಯವರ ಕಾಯಿಲೆಗಳ ಪುಟ ಇನ್ನೂ ಖಾಲಿ ಇತ್ತು. ತಿಂಗಳುಗಟ್ಟಲೆ ಮುಂದೂಡಿದ ಪ್ರಶ್ನೆಯನ್ನು ಕೇಳಲೇಬೇಕಾಯಿತು.

"ನಿಮ್ಮ ಹೆಂಡತಿ ಯಾವ ಕಾಯಿಲೆಯಿಂದ ಹೋದ್ರು?"

ಮುದುಕರು ಕಿಟಕಿಯಾಚೆ ಕಾರಿನತ್ತ ನೋಡಿದರು. "ಮಗ ಏನಾದ್ರೂ ಹೇಳಿದನಾ?"

"ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ನಾನು ಹೇಳೋ ಹಾಗಿಲ್ಲ."

"ಹೇಳಿರ್ತಾನೆ. ಹೇಳಿದ್ರೂ ಅವನಿಗೆ ಗೊತ್ತಿರೋದು ಅರ್ಧ." ಮುದುಕರು ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿದರು. ಆಮೇಲೆ ಉಳಿದರ್ಧವನ್ನು ಹೇಳಿದರು.

ಕೇಳಿ ಮುಗಿಸಿ ಅರಾಸೆಲಿ ಫೈಲು ಮುಚ್ಚಿದಳು. "ದೋನ್ ಹಸಿಂತೊ, ಇದನ್ನ ಅವರಿಗೆ ಹೇಳ್ಬೇಕು. ಇವತ್ತೇ."

"ನನ್ನಿಂದಾಗಲ್ಲಮ್ಮ. ಎಷ್ಟು ಸಲ ಶುರು ಮಾಡಿದೀನಿ ಗೊತ್ತಾ? ಅವನ ಮುಖ ನೋಡಿ ಬಾಯಿ ತೆಗೆದ್ರೆ ದ್ರಾಕ್ಷಿ ರೇಟು ಬರುತ್ತೆ. ನೀನೇ ಹೇಳಿಬಿಡು."

"ನಾನಾಗಿ ಹೇಳೋ ಹಾಗಿಲ್ಲ. ನೀವು ಹೇಳಿ, ನಾನು ದುಭಾಷಿಯಾಗ್ತೀನಿ."

"ಅಪ್ಪ ಮಗನಿಗೆ ದುಭಾಷಿಯಾ? ಒಂದೇ ಭಾಷೆಯವರಿಗೆ?"

"ಇಪ್ಪತ್ತೈದು ವರ್ಷದಿಂದ ಮಾತು ದಾಟಿಲ್ಲ ಅಂದ್ರೆ ದುಭಾಷಿ ಬೇಕೇ ಬೇಕು."

ಮುದುಕರು ಯೋಚಿಸಿ ತಲೆಯಾಡಿಸಿದರು. ಅವಳು ಹೊರಗೆ ಹೋಗಿ ಕಾರಿನ ಬಾಗಿಲು ತೆರೆದಳು.

"ಕಿಟಕಿ ಹತ್ರ ಬರಬೇಡಿ ಅಂದಿದ್ದೆ."

"ಬಾಗಿಲ ಹತ್ರ ಬಂದಿದೀನಿ. ನಿಮ್ಮಪ್ಪ ಕರೀತಾ ಇದಾರೆ."

ಅವನು ಬೆಚ್ಚಿದ. "ಏನಾಯ್ತು?"

"ಸಕ್ಕರೆ ಇಳಿದಿದೆ, ಆರಾಮಾಗಿದಾರೆ. ನಿಮ್ಮ ಹತ್ರ ಮಾತಾಡ್ಬೇಕಂತೆ. ಒಳಗೆ ಮಾತ್ರ."

ಎಲಿಸೆಯೊ ಕ್ಲಿನಿಕ್ಕಿನ ಬಾಗಿಲನ್ನು ತುಂಬ ಹೊತ್ತು ನೋಡಿದ. ಕೊನೆಗೆ ಇಳಿದು ನಡೆದ. ಹೊಸ್ತಿಲಲ್ಲಿ ಒಮ್ಮೆ ನಿಂತ, ಆಮೇಲೆ ದಾಟಿದ.

ಕೋಣೆಯಲ್ಲಿ ಮೂರು ಕುರ್ಚಿ. ಅವನ ಕಾಲು ತಾನಾಗಿ ಮೂರನೆಯದರ ಕಡೆ ಹೋಯಿತು.

"ಅದು ಇವತ್ತು ನನ್ನ ಜಾಗ," ಅಂತ ಅರಾಸೆಲಿ ಅಲ್ಲಿ ಕೂತಳು. ಎಲಿಸೆಯೊ ಗೋಡೆಬದಿಯ ಸ್ಟೂಲಿನಲ್ಲಿ ಕೂತ, ಡಾಕ್ಟರ ಕುರ್ಚಿ ಖಾಲಿ ಉಳಿಯಿತು.

ದೋನ್ ಹಸಿಂತೊ ಟೋಪಿಗೆ ಹೇಳುವಂತೆ ಗೊಣಗಿದರು. ಅವಳು ಅದನ್ನೇ ಮಗನಿಗೆ ಹೇಳಿದಳು, ಒಂದೊಂದೇ ಮಾತು.

"ನಿಮ್ಮಮ್ಮನಿಗೆ ಅವತ್ತೇ ಗೊತ್ತಾಗಿತ್ತು. ಸಂಜೆ ನನಗೆ ಹೇಳಿದಳು, ಹುಡುಗನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಬರೀ ಊತಕ್ಕೆ ಯಾರ ಮುಖಾನೂ ಹಾಗಾಗಲ್ಲ ಅಂತ. ಮಾರನೇ ದಿನಾನೇ ಪಕ್ಕದ ಮನೆ ಚೆಲಾನ ಕರ್ಕೊಂಡು ಫ್ರೆಸ್ನೋಗೆ ಹೋದಳು. ಅದೇ ವಾರ ಆಪರೇಷನ್ ಆಯ್ತು. ನಿನಗೆ ಅಜ್ಜಿ ಮನೆಗೆ ಹೋಗಿದಾಳೆ ಅಂತ ಹೇಳಿದ್ವಿ."

ಎಲಿಸೆಯೊ ಅವಳಿಂದ ಅಪ್ಪನತ್ತ ತಿರುಗಿದ.

"ಔಷಧಿ ಹಾಕಿಸಿಕೊಳ್ಳೋ ದಿನ ಪ್ಯಾಕಿಂಗ್ ಶೆಡ್ಡಿಗೆ ಹೋಗ್ತೀನಿ ಅನ್ನೋಳು. ಕೂದಲು ಉದುರಿತು. ತೋಟದಲ್ಲಿ ಎಲ್ಲ ಹೆಂಗಸರೂ ತಲೆಗೆ ಬಟ್ಟೆ ಕಟ್ತಾರೆ, ನಿನಗೆ ಗೊತ್ತಾಗ್ಲಿಲ್ಲ. ಒಂದು ದಿನಾನೂ ತಡ ಆಗಿರಲಿಲ್ಲ ಮಗಾ. ಕಾಯಿಲೇನೇ ದೊಡ್ಡದಿತ್ತು."

ಮುದುಕರು ಟೋಪಿಯನ್ನು ಇನ್ನೊಂದು ಮೊಣಕಾಲಿಗೆ ಸಿಕ್ಕಿಸಿ ಮುಂದುವರಿಸಿದರು. ದುಭಾಷಿಯೂ ಮುಂದುವರಿಸಿದಳು.

"ನನ್ನ ಹತ್ರ ಆಣೆ ಹಾಕಿಸಿಕೊಂಡಳು. ಸುಳ್ಳು ಸಿಕ್ಕಿಬಿತ್ತು ಅಂತ ಗೊತ್ತಾದ್ರೆ ಹುಡುಗ ಕುಗ್ಗಿಹೋಗ್ತಾನೆ, ಅಮ್ಮ ಅಳೋದನ್ನ ನೋಡಬಾರದು ಅಂತ ತಾನೆ ಹಾಗಂದ, ನೋಡದೇ ಇರಲಿ ಅಂತ. ನೀನು ಇಷ್ಟು ವರ್ಷ ಇದನ್ನ ಹೊತ್ತಿರ್ತೀಯ ಅಂತ ಅವಳು ಅಂದ್ಕೊಂಡಿರಲಿಲ್ಲ. ಆಣೆ ಮುರಿದೆ. ಅವಳಿಗೆ ನಾನು ಉತ್ತರ ಕೊಟ್ಕೊಳ್ತೀನಿ."

ಎಲಿಸೆಯೊ ಕನ್ನಡಕ ತೆಗೆದ. ಮೂವತ್ತಾರು ವರ್ಷದ ಮೇಷ್ಟ್ರು ಹನ್ನೊಂದು ವರ್ಷದವನಂತೆ ಅತ್ತ. ಅಪ್ಪ ಎದ್ದು ಮಗನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮುದುಕರು ಮೂಗೊರೆಸಿಕೊಂಡು, "ನಾನು ಮೂತ್ರ ಪರೀಕ್ಷೆಗೆ ಕೊಟ್ಟು ಬರ್ತೀನಿ," ಅಂದರು. ಅವತ್ತು ಅವರಿಗೆ ಅಂಥ ಪರೀಕ್ಷೆ ಇರಲಿಲ್ಲ. ಯಾರೂ ತಿದ್ದಲಿಲ್ಲ.

ಅರಾಸೆಲಿ ಜೇಬಿನಿಂದ ಕೆಂಪು ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. "ಸೋಮವಾರದಿಂದ ನಿಮ್ಮಪ್ಪನ್ನ ಪಕ್ಕದ ಕೋಣೆಯ ಡಾಕ್ಟರ್ ಸಾಲ್ದಿವರ್ ನೋಡ್ಕೊಳ್ತಾರೆ."

"ಯಾಕೆ?"

"ರೋಗಿಯ ಮಗನ ಕಾರಿನ ಕಿಟಕಿಗೆ ಡಾಕ್ಟರು ಪದೇ ಪದೇ ಹೋಗಿ ನಿಲ್ಲೋದು ಚೆನ್ನಾಗಿರಲ್ಲ."

ಅವನು ಒದ್ದೆ ಕಣ್ಣಿನಲ್ಲೇ ಖಾಲಿ ಕುರ್ಚಿಯನ್ನು ನೋಡಿದ, ಅವಳನ್ನು ನೋಡಿದ. "ಆ ಡಾಕ್ಟರಿಗೆ ಜಂಭ ಜಾಸ್ತಿ ಅಂತ ಕೇಳಿದ್ದೆ."

"ಇನ್ನೂ ಬಂದಿಲ್ಲ ಅವರು. ಯಾವಾಗಲೂ ಲೇಟೇ."

"ಹಾಗಾದ್ರೆ ದುಭಾಷಿಯವರೇ, ಬಂದಾಗ ಅವರಿಗೊಂದು ಮಾತು ತಲುಪಿಸಬೇಕಿತ್ತು."

"ಹೇಳಿ."

ಕನ್ನಡಕ ಇಲ್ಲದ ಅವನ ಕಣ್ಣಿಗೆ ಈ ಸಲ ಯಾವ ಉತ್ತರಪತ್ರಿಕೆಯನ್ನೂ ಮುಗಿಸಬೇಕಾಗಿರಲಿಲ್ಲ. "ನನಗೆ ನೀವು ಬೇಕು. ಜೀವನ ಪೂರ್ತಿ."

ಅರಾಸೆಲಿ ಖಾಲಿ ಕುರ್ಚಿಯತ್ತ ತಿರುಗಬೇಕಿತ್ತು. ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತ, ಏನೂ ಸೇರಿಸದೆ, ಏನೂ ಬಿಡದೆ ಹೇಳಿದಳು:

"ನನಗೆ ನೀವು ಬೇಕು. ಜೀವನ ಪೂರ್ತಿ."