ಎರಡನೇ ಸಾಲಿನ ಉಸಿರು

"ಏಳನೇದು ಕೃತಿಗೇ ಅವಮಾನ ಅಂತ ಬರೆದಿದ್ದೀರಿ."

ರೇಡಿಯೋ ಸ್ಟೇಷನ್ನಿನ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ಮೂರು ವರ್ಷದ ಮೇಲೆ! ಬೆರಗನ್ನು ಮುಖದಲ್ಲಿ ತೋರಿಸುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಪಾಪ, ಉಳಿಯುವುದಾದರೂ ಹೇಗೆ? ರೇಡಿಯೋ ಕಾರ್ಯಕ್ರಮಕ್ಕೆಂದು ಒಂದೇ ಹಳೆಯ ಕೃತಿಯ ಏಳು ಹೊಸ ರೂಪಗಳನ್ನು ಬೆಳಗಿನಿಂದ ಕೇಳಿ ಕೇಳಿ, ಹೋಲಿಸಿ ಹೋಲಿಸಿ ತಲೆ ಚಿಟ್ಟು ಹಿಡಿದಿತ್ತು. ಒಬ್ಬ ಡ್ರಮ್ಸ್ ಬಡಿದು ಕೃತಿಯನ್ನು ಅಟ್ಟಿಸಿಕೊಂಡು ಹೋಗಿದ್ದ. ಒಬ್ಬಳು ಗಿಟಾರ್ ಹಿಡಿದು ಜೋಗುಳ ಮಾಡಿದ್ದಳು. ಇನ್ನೊಬ್ಬ ಮಹಾಶಯ ಸಾಹಿತ್ಯವನ್ನೇ ಬಿಟ್ಟು ಬರೀ ಗುನುಗಿದ್ದ. ಎಲ್ಲರಿಗೂ ಒಂದೊಂದು ಒಳ್ಳೆಯ ಮಾತು ಬರೆದವಳು ಏಳನೆಯವನಿಗೆ ಮಾತ್ರ ಬರೆದಿರಲಿಲ್ಲ. ಏಳನೆಯವನು ಇವನೇ, ಅವಳ ಅಪ್ಪನ ಶಿಷ್ಯ.

"ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ ಕರೆದಿದ್ರು. ಅಲ್ಲೇ ನಿಮ್ಮ ಟಿಪ್ಪಣಿಯ ನಕಲು ನೋಡಿದೆ. ತಪ್ಪೇನು ಅಂತ ಕೇಳಬಹುದಾ?"

"ಎರಡನೇ ಸಾಲಿನ ಮಧ್ಯೆ ಯಾಕೆ ನಿಲ್ಲಿಸಿದ್ರಿ? ಅಲ್ಲಿ ಯಾರೂ ನಿಲ್ಲಿಸಲ್ಲ."

"ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದೇ ಹಾಗೆ."

ಅವಳಿಗೆ ಸಿಟ್ಟು ನೆತ್ತಿಗೇರಿತು.

"ಅದು ಸಂಗೀತ ಅಲ್ಲ, ಅಪ್ಪನ ಉಬ್ಬಸ. ಬಿಸಿನೀರು ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಿದ್ದವಳು ನಾನು. ಅವರ ಕಾಯಿಲೇನ ಊರಿಗೆಲ್ಲ ಹಾಡಿ ತೋರಿಸ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

'ನೀವು' ಹೋಗಿ 'ನೀನು' ಬಂದದ್ದು ಅವಳಿಗೇ ತಿಳಿಯಲಿಲ್ಲ. ಅವನು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕುಳಿತ.

"ನಾಲ್ಕು ವರ್ಷ ಅದು ಕೃತೀದೇ ಅಂದ್ಕೊಂಡಿದ್ದೆ. ಬೇರೆಯವರು ಹಾಡಿದ್ದು ಕೇಳಿದ ಮೇಲೆ ಗೊತ್ತಾಯ್ತು. ನಿಲ್ಲಿಸದೆ ಹಾಡೋಕೂ ನೋಡಿದೆ... ಆಗಲಿಲ್ಲ. ಮೇಷ್ಟ್ರನ್ನ ಅರ್ಧ ದಾರೀಲಿ ಬಿಟ್ಟು ಮುಂದೆ ಹೋದಂಗೆ ಅನ್ಸುತ್ತೆ."

ಅಪ್ಪನ ಉಸಿರಾಟ ಈ ಲೋಕದಲ್ಲಿ ತನಗೊಬ್ಬಳಿಗೇ ನೆನಪಿದೆ ಎಂದು ಅವಳು ತಿಳಿದಿದ್ದಳು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಬೇಸರವಾಗಿ ಹಾಗೇ ಬಿಟ್ಟಳು.

"ಅಷ್ಟು ಪ್ರೀತಿ ಇದ್ದವನು, ಅಪ್ಪ ಹೋದ ಮೇಲೆ ಮನೆ ಕಡೆ ತಲೆ ಹಾಕಲಿಲ್ಲ ಯಾಕೆ?"

"ಮದುವೆ ಆಗ್ತೀಯಾ ಅಂತ ಕೇಳಿದ್ದೆ. ನೀನು ಬಾಯೇ ಬಿಡಲಿಲ್ಲ. ಪಾಠವೂ ಮುಗೀತು, ಇನ್ಯಾವ ಮುಖ ಹೊತ್ತು ಬರಲಿ?"

"ಹಗಲೂ ರಾತ್ರಿ ಅಪ್ಪನ್ನ ನೋಡ್ಕೊಳ್ತಿದ್ದೆ ಕಣೋ. ಉತ್ತರ ಹೇಳೋಷ್ಟು ಜೀವ ಇರಲಿಲ್ಲ. ಬೇಡ ಅಂತ ಅಂದಿದ್ದೆನಾ?"

"ಇಲ್ಲ..."

ಅಷ್ಟರಲ್ಲಿ ಕಾರ್ಯಕ್ರಮ ನಡೆಸುವ ಹಿರಿಯ ಮೇಡಂ ಇಣುಕಿದರು. "ರೆಕಾರ್ಡಿಂಗ್ ಶುರು ಮಾಡೋಣ್ವಾ? ಏಳೂ ಆಯ್ತು ತಾನೆ?"

ಅವಳು ಟಿಪ್ಪಣಿಯ ಕೊನೆಯ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದಳು.

"ಆರರ ಬಗ್ಗೆ ನಾನು ಹೇಳ್ತೀನಿ ಮೇಡಂ. ಏಳನೇದಕ್ಕೆ ಬೇರೆ ಯಾರನ್ನಾದ್ರೂ ಕರೀರಿ. ನಾನು ಹೇಳೋದು ನ್ಯಾಯ ಅಲ್ಲ, ಹಾಡಿರೋರು ನಮ್ಮ ಯಜಮಾನ್ರು."

ಮೇಡಂ ಕಣ್ಣರಳಿಸಿದರು. "ನಿನಗೆ ಮದುವೆ ಯಾವಾಗ ಆಯ್ತೇ?"

"ಇನ್ನೂ ಆಗಿಲ್ಲ. ಅವರಿಗೂ ಈಗಲೇ ಗೊತ್ತಾಗ್ತಿರೋದು."

ಮೇಡಂ ನಗುತ್ತ ಬಾಗಿಲು ಎಳೆದುಕೊಂಡು ಹೋದರು. ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿದ.

"ಇದು... ಉತ್ತರಾನಾ?"

"ಹೂಂ. ತುಂಬಾ ಸುಸ್ತಾಗಿದೆ ಕಣೋ. ಸ್ವಲ್ಪ ಹೊತ್ತು ಹೀಗೇ ಕೂತಿರು, ಎಲ್ಲೂ ಹೋಗ್ಬೇಡ."

"ಹೋಗಲ್ಲ."